ನಟ್ಟಿನ ಮೇಲಿನ ಕುಂಕುಮ

ನಿಪ್ಪಾಣಿ
3 ಜುಲೈ 2024

ಪ್ರೀತಿಯ ಉಜ್ವಲಾ,

ಧರೆಪ್ಪನ ಲಾರಿಯ ಮೇಲೆ ನಿನ್ನ ರೇಸ್ ಕಾರು ಇವತ್ತು ಹೊರಡುತ್ತದೆ. ಈ ಪತ್ರ ಸೀಟಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಇರುತ್ತದೆ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ಬೈಯಬೇಡ. ಸಕ್ಕರೆ ಕಾರ್ಖಾನೆಯ ಮಿಲ್ಲಿನ ಪಕ್ಕ ಅರ್ಧ ಆಯುಷ್ಯ ಕಳೆದ ಕಿವಿ ಇದು. ಫೋನಿನಲ್ಲಿ ನಿನ್ನ ಮಾತು ಡಬ್ಬಿಯೊಳಗೆ ಕಲ್ಲು ಅಲುಗಾಡಿಸಿದ ಹಾಗೆ ಕೇಳುತ್ತದೆ. ಕಾಗದದ ಮೇಲಾದರೆ ಕಾರು ಏನು ಮಾಡಿತು, ನೀನು ಏನು ಮಾಡಿದೆ ಎಂಬುದು ನನಗೆ ಸರಿಯಾಗಿ ತಿಳಿಯುತ್ತದೆ. ಆದ್ದರಿಂದ ನಮ್ಮ ಹಳೆಯ ಕರಾರು ಹಾಗೇ ಇರಲಿ. ಪ್ರತಿ ಸಲ ಟ್ರ್ಯಾಕಿಗೆ ಇಳಿದ ಮೇಲೆ ನೀನು ಬರೆಯಬೇಕು, ನಾನು ಉತ್ತರ ಕೊಡಬೇಕು.

ಮೇ ತಿಂಗಳಲ್ಲಿ ನೀನು ಟ್ರ್ಯಾಕಿನ ಗೋಡೆಗೆ ಬಡಿದ ಎಡಗಡೆಯ ಹಿಂಭಾಗವನ್ನು ಪೂರ್ತಿ ಬಿಚ್ಚಿದೆ. ಗಾಲಿಯನ್ನು ಹಿಡಿದಿಡುವ, ಬಗ್ಗಿದ ಆರ್ಮುಗಳನ್ನು ಗುಜರಿಗೆ ಹಾಕಿದೆ. ಉದ್ದ ಹೆಚ್ಚುಕಡಿಮೆ ಮಾಡಲು ಬರುವ ಹೊಸ ಆರ್ಮುಗಳನ್ನು ನಾಲ್ಕೂ ಕಡೆ ಕೂರಿಸಿ, ಶಾಕ್ ಅಬ್ಸಾರ್ಬರುಗಳನ್ನೂ ಹೊಸವು ಹಾಕಿದ್ದೇನೆ. ಎಂದಿನಂತೆ ನಿನ್ನ ತೂಕದಷ್ಟು ಬೆಲ್ಲದ ಪೆಂಟಿಗಳನ್ನು ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು, ಆಮೇಲೆ ಅಳತೆ ಹಿಡಿದೆ. ಸೀಟಿನಲ್ಲಿ ಇರುವೆ ಕಂಡರೆ ನನ್ನನ್ನು ನೆನೆಸಿಕೋ.

ನಿಮ್ಮವ್ವ ಶಿರಗುಪ್ಪಿಯಿಂದ ಬಂದಿದ್ದಳು. ನಾನು ಕೆಲಸ ಮಾಡುವುದನ್ನು ನೋಡುತ್ತ ಸ್ಟೂಲಿನ ಮೇಲೆ ಕುಳಿತು, "ಗಾಲಿ ಯಾಕೋ ಅಣ್ಣಾ ಹಿಂಗ ಸೊಟ್ಟ ಕುಂಡ್ರಸಾಕತ್ತೀ?" ಎಂದು ಕೇಳಿದಳು. ಗಾಲಿಯ ತಲೆ ಒಳಗೆ ಎಷ್ಟು ವಾಲಿದೆ ಎಂಬುದು ಕ್ಯಾಂಬರ್, ಅದರ ಮೂಗು ಎತ್ತ ನೋಡುತ್ತಿದೆ ಎಂಬುದು ಟೋ, ತಿರುವಿನಲ್ಲಿ ಕಾರು ವಾಲಿದಾಗ ಈ ಸೊಟ್ಟ ಗಾಲಿಯೇ ನೆಟ್ಟಗಾಗಿ ನೆಲ ಹಿಡಿಯುತ್ತದೆ ಎಂದು ತಿಳಿಸಿ ಹೇಳಿದೆ. ತಲೆಯಾಡಿಸಿದಳು. ಅವಳಿಗೆ ಅರ್ಥವಾಗಿದ್ದಕ್ಕಲ್ಲ, ನಾನು ಹೇಳಿದ್ದಕ್ಕೆ.

ಈ ಸಲ ಅವಳು ಪೂಜೆ ಮಾಡಲಿಲ್ಲ. "ಹ್ವಾದ ಸಲ ನಟ್ಟನಟ್ಟಿಗೂ ಕುಂಕುಮ ಹಚ್ಚಿ ಕಳಿಸಿದ್ನಿ. ಏನ ಕಾಯ್ತು ಆ ದೇವ್ರು? ಈ ಸಲ ನಾ ಮುಟ್ಟಂಗಿಲ್ಲ" ಅಂದಳು. ನನ್ನ ಕುಂಕುಮ ಮಾತ್ರ ತಪ್ಪಿಲ್ಲ. ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಎಣ್ಣೆಯಲ್ಲಿ ಕಲಸಿದ ಕುಂಕುಮದ ಗೆರೆ ಎಳೆದಿದ್ದೇನೆ. ಗೆರೆ ಮುರಿದರೆ ನಟ್ಟು ಸಡಿಲಾಗಿದೆ ಎಂದು ತಿಳಿ.

ಕಾಗವಾಡದ ತವನಪ್ಪ ಸಾವಕಾರರು ನಿನ್ನೆ ಬಂದು, ತಮ್ಮ ದುಡ್ಡಿನಲ್ಲಿ ಓಡುವ ಈ ಕಾರನ್ನು ಸುತ್ತಿ ಸುತ್ತಿ ನೋಡಿದರು. ಮಾತು ಹಳೆಯದೇ. ಡಿಸೆಂಬರಿನ ಕೊನೆಯ ರೇಸಿನೊಳಗೆ ಒಮ್ಮೆಯಾದರೂ ಮೊದಲ ಮೂವರಲ್ಲಿ ನೀನು ಬರಬೇಕು, ಇಲ್ಲವಾದರೆ ಸೀಟು ಬೇರೆಯವರಿಗೆ. ಅದರ ಚಿಂತೆ ನಿನಗೆ ಬೇಡ. ಅಳತೆಗಳೆಲ್ಲ ಮೊದಲಿನವೇ, ಒಂದು ಕೂದಲಿನಷ್ಟೂ ಬದಲಿಸಿಲ್ಲ.

ನಿನ್ನ ಮಾಮಾ,
ಅಣ್ಣಾಸಾಬ


ಕೊಯಿಮತ್ತೂರು
28 ಜುಲೈ 2024

ಮಾಮಾ,

ಕಾರು ಬಂತು. ಜೊತೆಗೆ ನಿಪ್ಪಾಣಿಯ ಇರುವೆಗಳ ಒಂದು ಸಂಸಾರವೂ ಬಂತು. ಉದ್ದನೆಯ ನೇರ ದಾರಿಯಲ್ಲಿ, ಕಾಲು ಎತ್ತಲು ಆಗದ ಜಾಗದಲ್ಲಿಯೇ ಒಂದು ನನ್ನ ತೊಡೆ ಹಿಡಿಯಿತು. ಹೆಲ್ಮೆಟ್ಟಿನೊಳಗೆ ನಿನಗೆ ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಇಲ್ಲಿ ಬೆಳಿಗ್ಗೆ ಹೆಣ್ಣುಮಕ್ಕಳಿಗೆ ಕಾರು ಕಲಿಸುವ ಕೆಲಸ, ಮಧ್ಯಾಹ್ನ ಟ್ರ್ಯಾಕು. ಕಾರು ನೇರ ದಾರಿಯಲ್ಲಿ ಚೆನ್ನಾಗಿದೆ, ಕೈ ಬಿಟ್ಟರೂ ಓಡುತ್ತದೆ. ತಿರುವಿನಲ್ಲಿ ಮಾತ್ರ ಅದಕ್ಕೆ ಮನಸ್ಸಿಲ್ಲ. ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಮೂಗು ಹೊರಗಡೆಗೇ ಹೋಗುತ್ತದೆ. ಕಾಯಬೇಕು, ಕಾಯಬೇಕು, ಆಮೇಲೆ ತಿರುಗುತ್ತದೆ. ಅಷ್ಟರಲ್ಲಿ ಉಳಿದವರು ಹೋಗಿಬಿಟ್ಟಿರುತ್ತಾರೆ. ಅಳತೆ ಮೊದಲಿನದೇ ಅಂದಿದ್ದೀ. ಹಾಗಾದರೆ ಬದಲಾದವಳು ನಾನೇ ಇರಬೇಕು. ಗೋಡೆಗೆ ಹೊಡೆದ ಮೇಲೆ ನನ್ನ ಕೈ ನನ್ನನ್ನು ಕೇಳದೆ ಹೆದರುತ್ತಿದೆಯೋ ಏನೋ.

ಪಕ್ಕದ ತಂಡದ ಮೆಕ್ಯಾನಿಕ್ ಸೀಮಾ ಕೊಲ್ಹಾಪುರದವಳು, ಮರಾಠಿಯಲ್ಲೇ ನನ್ನ ತಲೆ ತಿನ್ನುತ್ತಾಳೆ. ಒಮ್ಮೆ ಅಲೈನ್‌ಮೆಂಟ್ ನೋಡೋಣ ಅಂದಳು. "ಅದು ನಮ್ಮ ಮಾಮಾ ಇಟ್ಟ ಅಳತಿ, ಅದನ್ನ ಯಾರೂ ನೋಡೂ ಹಂಗಿಲ್ಲ" ಅಂದೆ. ಪಾಪ, ತನ್ನ ಕಾರಿನ ಕೆಲಸಕ್ಕೆ ಹೋದಳು.

ಮೇ ತಿಂಗಳದ್ದು ನನ್ನ ಅತಿರೇಕ. ಬೇಕಾದ್ದಕ್ಕಿಂತ ಹೆಚ್ಚು ಧೈರ್ಯ ಮಾಡಿದೆ, ಗೋಡೆ ಸಿಕ್ಕಿತು. ಅವ್ವನಿಗೂ ಇಷ್ಟನ್ನೇ ಹೇಳು. ಮತ್ತೆ ಮತ್ತೆ ಕೆದಕಬೇಡ.

ಇನ್ನೊಂದು. ಮುಂದಿನ ಸಲದಿಂದ ನಟ್ಟಿಗೆ ಕುಂಕುಮ ಬೇಡ. ಹಳದಿ ಪೇಂಟಿನ ಪೆನ್ನು ಸಿಗುತ್ತದೆ, ಅದನ್ನು ತಂದಿಟ್ಟುಕೋ. ಯಾಕೆ ಎಂದು ಕೇಳಬೇಡ ಮಾಮಾ, ಮಾಡು.

ಉಜ್ವಲಾ


ನಿಪ್ಪಾಣಿ
9 ಆಗಸ್ಟ್ 2024

ಉಜ್ವಲಾ,

ನಿನ್ನ ಪತ್ರ ಓದಿ ನಿಜ ಹೇಳಬೇಕೆಂದರೆ ಸಮಾಧಾನವಾಯಿತು. ಕಾಯಬೇಕು ಎಂದು ಬರೆದಿದ್ದೀಯಲ್ಲ, ಆ ಶಬ್ದವನ್ನು ನೀನು ಬರೆದದ್ದು ಇದೇ ಮೊದಲು. ಚಿಕ್ಕಂದಿನಲ್ಲಿ ಹಬ್ಬದ ಹೋಳಿಗೆಗೂ ಕಾದವಳಲ್ಲ ನೀನು. ಕೈ ಹೆದರಿದ್ದಲ್ಲ ಅದು, ಕೈಗೆ ಬುದ್ಧಿ ಬಂದದ್ದು. ಬ್ರೇಕು ಸ್ವಲ್ಪ ಮುಂಚೆ ಹಿಡಿ. ಕಾರು ಎಷ್ಟು ಕೊಡುತ್ತದೋ ಅಷ್ಟನ್ನೇ ತಗೋ. ವೇಗ ತಾನಾಗಿ ಬರುತ್ತದೆ.

ಹಳದಿ ಪೇಂಟಿನ ಮಾತು ಮಾತ್ರ ನನಗೆ ಸ್ವಲ್ಪ ತಾಗಿತು. ಅಲ್ಲಿನವರು ಕುಂಕುಮ ಕಂಡು ನಕ್ಕರೇನು? ನಗಲಿ ಬಿಡು. ನಾನು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದಾಗ ಪೇಂಟಿಗೆ ಸ್ಟೋರಿನವನ ಮುಂದೆ ನಿಲ್ಲಬೇಕಿತ್ತು, ದೇವರ ಮುಂದಿನ ಕುಂಕುಮ ಕೇಳುವವರು ಇರಲಿಲ್ಲ. ಹಾಗೆ ಬಂದ ರೂಢಿ ಇದು. ಅದರಲ್ಲಿ ನಾಚಿಕೊಳ್ಳುವಂಥದ್ದು ನನಗೇನೂ ಕಾಣುವುದಿಲ್ಲ. ಆದರೂ ನೀನು ಅಂದ ಮೇಲೆ ಪೆನ್ನು ತರಿಸಿದ್ದೇನೆ.

ಇಲ್ಲಿ ಮಳೆ ಚೆನ್ನಾಗಿ ಹಿಡಿದಿದೆ. ದೂಧಗಂಗಾ ತುಂಬಿ ಬೋರಗಾಂವದ ಕಡೆಯ ದಾರಿ ಎರಡು ಸಲ ಬಂದ್ ಆಯಿತು. ಗುಂಡಿಯಲ್ಲಿ ಬಿದ್ದ ಗಾಡಿಗಳೆಲ್ಲ ನನ್ನ ಬಾಗಿಲಿಗೆ ಬರುತ್ತವೆ, ನನಗೆ ಸುಗ್ಗಿ. ನಿಮ್ಮವ್ವನ ಮುಖ ಈಗ ಗೆಲುವಾಗಿದೆ. ನೀನು ನಿಧಾನ ಆಗಿದ್ದೀ ಎಂದು ಹೇಳಿದೆ. ಅವಳು ನನಗೆ ಇನ್ನೊಂದು ರೊಟ್ಟಿ ಹಾಕಿದಳು.

ಮಾಮಾ


ಕೊಯಿಮತ್ತೂರು
16 ಸೆಪ್ಟೆಂಬರ್ 2024

ಮಾಮಾ,

ಆಗಸ್ಟಿನ ರೇಸಿನಲ್ಲಿ ನೀನು ಹೇಳಿದಂತೆ ಕಾದೆ. ಒಂಬತ್ತನೆಯವಳಾಗಿ ಬಂದೆ. ಅದಕ್ಕೇ ಬರೆದಿರಲಿಲ್ಲ.

ನಿನ್ನೆ ಐದನೆಯವಳು! ಕೇಳು, ಒಂದು ಉಪಾಯ ಸಿಕ್ಕಿದೆ. ಈ ಕಾರಿಗೆ ಒಳ್ಳೆಯ ಮಾತಿನಲ್ಲಿ ಹೇಳಿದರೆ ತಿರುಗುವುದಿಲ್ಲ. ಬ್ರೇಕು ಪೂರ್ತಿ ಬಿಡದೆ, ಸ್ಟೀರಿಂಗನ್ನು ಮೊದಲು ತಿರುವಿನ ವಿರುದ್ಧ ದಿಕ್ಕಿಗೆ ಒಮ್ಮೆ ಒಗೆಯಬೇಕು, ಕೂಡಲೇ ಈ ಕಡೆಗೆ ಜಗ್ಗಬೇಕು. ಆಗ ಹಿಂಭಾಗ ಹಟ ಬಿಟ್ಟು ಬೀಸಿಕೊಂಡು ಬರುತ್ತದೆ, ಕಾರು ತಿರುಗುತ್ತದೆ. ಪ್ರತಿ ತಿರುವಿನಲ್ಲೂ ಹಾಗೇ ಮಾಡಿದೆ. ತೋಳುಗಳು ಸೋತು ಹೋಗಿವೆ, ಊಟಕ್ಕೆ ಕುಳಿತರೆ ಚಮಚ ನಡುಗುತ್ತದೆ. ಕೊನೆಯ ತಿರುವಿನ ಗೋಡೆಗೂ ನನಗೂ ನಡುವೆ ಒಂದು ಗೇಣು ಉಳಿದಿತ್ತು ಎಂದು ಸೀಮಾ ಹೇಳಿದಳು. ಅವಳು ಕಣ್ಣು ಮುಚ್ಚಿಕೊಂಡಿದ್ದಳಂತೆ, ಗೇಣು ಹೇಗೆ ಕಂಡಿತೋ!

ಇನ್ನೂ ಇಬ್ಬರನ್ನು ದಾಟಿದರೆ ಸಾಕು. ತವನಪ್ಪ ಕಾಕಾಗೆ ಹೇಳು. ಹೆದರಿಕೆ ಹೊರಗೆ ಹಾಕಬೇಕಾದರೆ ಅದಕ್ಕಿಂತ ಜೋರಾಗಿ ಓಡಿಸಬೇಕು, ಅಷ್ಟೇ.

ಉಜ್ವಲಾ


ನಿಪ್ಪಾಣಿ
23 ಸೆಪ್ಟೆಂಬರ್ 2024

ಉಜ್ವಲಾ,

ಹಾಗೆ ಮಾಡಬೇಡ. ನಿನ್ನ ಪತ್ರ ಕೈಗೆ ಬಂದಾಗಿನಿಂದ ನನಗೆ ಕೆಲಸದಲ್ಲಿ ಮನಸ್ಸಿಲ್ಲ. ಸ್ಟೀರಿಂಗ್ ಒಗೆಯುವುದು, ಜಗ್ಗುವುದು ಇವತ್ತಿಗೇ ಬಂದ್ ಮಾಡು. ಧರೆಪ್ಪನನ್ನು ಲಾರಿ ತಗೊಂಡು ಕಳಿಸುತ್ತೇನೆ, ಕಾರು ವಾಪಸ್ ಹಾಕು. ಒಂದೆರಡು ಅಳತೆ ಮತ್ತೊಮ್ಮೆ ನೋಡುವುದಿದೆ. ಬೇರೆ ಏನೂ ಇಲ್ಲ.

ಮಾಮಾ


ಕೊಯಿಮತ್ತೂರು
6 ಅಕ್ಟೋಬರ್ 2024

ಮಾಮಾ,

ಧರೆಪ್ಪ ಮಾಮಾನನ್ನು ಬರಿಗೈಯಲ್ಲಿ ಕಳಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಕಾರು ಕಳಿಸುವುದಿಲ್ಲ. ಐದನೆಯವಳಾಗಿ ಬಂದೆ ಎಂದು ಕುಣಿದು ಬರೆದರೆ ಒಂದು ಶಾಬಾಸ್ ಇಲ್ಲ, ಕಾರು ವಾಪಸ್ ಹಾಕು ಎನ್ನುತ್ತೀ. ಅಳತೆ ನೋಡುವುದಿದೆಯಂತೆ! ನಿನ್ನ ಅಳತೆ ಯಾವತ್ತು ತಪ್ಪಿದೆ? ಹುಡುಗಿ ಕೈಗೆ ಸಿಗುವುದಿಲ್ಲ, ಕಾರನ್ನಾದರೂ ಹಿಡಿದುಕೊಳ್ಳೋಣ ಅನ್ನುವುದು ಅದರ ಅರ್ಥ. ಊರಲ್ಲಿ ಎಲ್ಲರೂ ಹಾಗೆ ಅಂದಾಗ ನೀನೊಬ್ಬ ನನ್ನ ಕಡೆ ನಿಂತಿದ್ದೆ. ಕಬ್ಬಿನ ಟ್ರಾಲಿ ಜೋಡಿಸಿದ ಟ್ರ್ಯಾಕ್ಟರಿನ ಮೇಲೆ ನನ್ನನ್ನು ಕೂರಿಸಿ, "ಹಿಂದ ನೋಡಬ್ಯಾಡ, ಟ್ರಾಲಿ ತಾನ ಬರತೈತಿ" ಅಂದವನು ನೀನು.

ಈ ಸಿಟ್ಟನ್ನೆಲ್ಲ ಬರೆದು ಎರಡು ದಿನ ಪತ್ರ ಕಳಿಸದೆ ಇಟ್ಟುಕೊಂಡೆ. ಈಗ ಸಿಟ್ಟಿಲ್ಲ. ಇದ್ದದ್ದನ್ನು ಹೇಳುತ್ತೇನೆ.

ನನ್ನಿಂದ ಆಗುತ್ತಿಲ್ಲ ಮಾಮಾ. ಮೊನ್ನೆಯ ಅಭ್ಯಾಸದಲ್ಲಿ ಉಪಾಯವೂ ಕೈಕೊಟ್ಟಿತು. ಒಗೆದೆ, ಜಗ್ಗಿದೆ, ಮೂಗು ನೆಟ್ಟಗೆ ಗೋಡೆಯ ಕಡೆಗೇ ಹೋಯಿತು. ಹೇಗೋ ನಿಲ್ಲಿಸಿದೆ. ಮೊದಲು ಇದೇ ಕಾರು, ಇದೇ ತಿರುವು ನನಗೆ ಬರಿಯ ಬೆರಳಿನ ಕೆಲಸವಾಗಿತ್ತು. ಈಗ ಪ್ರತಿ ತಿರುವಿನಲ್ಲೂ ಜಗಳ. ನನ್ನೊಳಗಿದ್ದದ್ದು ಏನೋ ಹೋಗಿಬಿಟ್ಟಿದೆ. ಬೆಳಿಗ್ಗೆ ಮೊದಲ ಸಲ ಸ್ಟೀರಿಂಗ್ ಹಿಡಿದು ಅಳುವ ಹೆಂಗಸರಿಗೆ ಅಂಜಬೇಡಿ ಎಂದು ಧೈರ್ಯ ಹೇಳುತ್ತೇನೆ. ಹೇಳುವಾಗ ನನ್ನ ಮುಖ ನನಗೇ ಸುಳ್ಳು ಅನ್ನಿಸುತ್ತದೆ. ನಾನು ಪುಕ್ಕಲಿ ಆಗಿದ್ದೇನೆ.

ಕೊನೆಯ ರೇಸಿನ ತನಕ ಕಾಯುವುದರಲ್ಲಿ ಅರ್ಥವಿಲ್ಲ. ಸೀಟು ಬಿಡುತ್ತೇನೆ. ತವನಪ್ಪ ಕಾಕಾಗೆ ನೀನೇ ಹೇಳಿಬಿಡು. ನನ್ನ ಬಾಯಿಂದ ಆಗುವುದಿಲ್ಲ.

ಉಜ್ವಲಾ


ನಿಪ್ಪಾಣಿ
19 ಅಕ್ಟೋಬರ್ 2024

ಉಜ್ವಲಾ,

ತವನಪ್ಪ ಸಾವಕಾರರಿಗೆ ಹೇಳಿಲ್ಲ. ಹೇಳಬೇಕೆಂದು ಕಾಗವಾಡಕ್ಕೆ ಹೊರಟಿದ್ದೆ. ದಾರಿಯಲ್ಲಿ ಶಿರಗುಪ್ಪಿ ಬಂತು, ಮೊದಲು ನಿಮ್ಮವ್ವನಿಗೆ ಸುದ್ದಿ ಕೊಡೋಣ ಎಂದು ಇಳಿದೆ.

ನಿಮ್ಮ ತೋಟದಲ್ಲಿ ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿ ನಡೆದಿದೆ. ನಿಮ್ಮಪ್ಪ ಆಳುಗಳ ಹಿಂದೆ ಇದ್ದ. ನಿಮ್ಮವ್ವ ಕತ್ತರಿಸಿದ ಟೊಂಗೆಗಳನ್ನು ಒಟ್ಟುತ್ತಿದ್ದಳು. ಉಜ್ವಲಾ ಸೀಟು ಬಿಡುತ್ತಾಳಂತೆ ಅಂದೆ. ಅವಳಿಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೆ. ಸುಳ್ಳೇಕೆ ಹೇಳಲಿ, ನನಗೂ ಒಳಗೊಳಗೆ ಹಗುರ ಆಗಿತ್ತು.

ಅವಳು ಟೊಂಗೆ ಕೆಳಗೆ ಹಾಕಿದಳು. "ಬಿಡ್ತೀನಿ ಅಂದಳಾ? ಯಾಕ?" ಅಂದಳು.

ಅಂಜಿಕೆ ಬರುತ್ತದಂತೆ ಅಂದೆ.

"ನನ್ನ ಮಗಳು ಅಂಜೂದಿಲ್ಲೋ ಅಣ್ಣಾ. ಟ್ರಾಲಿ ತುಂಬ ಕಬ್ಬ ಹೇರಿಕೊಂಡ ಫ್ಯಾಕ್ಟರಿಗಿ ಹ್ವಾದಾಗ ನಾ ಅಂಜಿದ್ನಿ, ಆಕಿ ಅಂಜಿರ್ಲಿಲ್ಲ. ಆಕಿಗಿ ಏನೋ ಆಗೈತಿ. ನೀ ಹೋಗಿ ನೋಡ. ಗಾಡಿ ಬಿಟ್ಟಬರಲಿ, ನನಗ ಬೇಕಾದ್ದು ಅದ. ಖರೇ ತಾನು ಅಂಜಬುರಕಿ ಅಂತ ತಿಳಕೊಂಡ ಮನಿಗಿ ಬಂದ್ರ, ಬಂದಾಕಿ ನನ್ನ ಮಗಳಲ್ಲ."

ಅಷ್ಟು ಹೇಳಿ ಅಲ್ಲೇ ಸಾಲಿನಲ್ಲಿ ಕುಳಿತು ಅತ್ತಳು. ಜೂನ್ ತಿಂಗಳಲ್ಲಿ ಅವಳೇ ನನ್ನ ಗ್ಯಾರೇಜಿಗೆ ಬಂದು, "ಆಕಿನ್ನ ಬ್ಯಾಡ ಅನ್ನಂಗಿಲ್ಲ ನಾ. ಹೋದಾಕಿ ತಿರಿಗಿ ಬರಬೇಕು, ಅದು ನಿನ್ನ ಕೈಯಾಗ ಐತಿ" ಎಂದು ನನ್ನ ಕೈ ಹಿಡಿದಿದ್ದಳು. ಆ ಮಾತನ್ನು ನಾನು ನಿನಗೆ ಬರೆದಿರಲಿಲ್ಲ. ಕೈಯಲ್ಲಿದೆ ಅಂದದ್ದನ್ನು ನಾನು ಹೇಗೆ ತಿಳಿದುಕೊಂಡೆ ಎಂಬುದನ್ನೂ ಬರೆದಿಲ್ಲ.

ಅವತ್ತು ಅವಳ ಮನೆಯಲ್ಲಿ ಊಟಕ್ಕೆ ನಿಲ್ಲಲಿಲ್ಲ. ಕಾಗವಾಡಕ್ಕೆ ಹೋಗದೆ ತಿರುಗಿ ಬಂದೆ.

ನೀನು ಏನೇ ನಿರ್ಧಾರ ಮಾಡು, ಅದಕ್ಕಿಂತ ಮುಂಚೆ ಒಂದು ಕೆಲಸ ಮಾಡು. ಹೊಸ ದ್ರಾಕ್ಷಿ ಹಾಕುವಾಗ ಸಾಲು ಹಿಡಿಯುತ್ತಿದ್ದೆವಲ್ಲ, ನಾಲ್ಕು ಗೂಟ, ಎರಡು ಸುತಳಿ, ನೀನು ಆ ತುದಿ, ನಾನು ಈ ತುದಿ. ಹಾಗೇ ಕಾರಿನ ಎರಡೂ ಮಗ್ಗುಲಿಗೆ ಸರಿಸಮ ಸುತಳಿ ಕಟ್ಟು. ಹಿಂದಿನ ಗಾಲಿಯ ರಿಮ್ಮಿನ ಮುಂದಿನ ಅಂಚಿಗೂ ಸುತಳಿಗೂ ಎಷ್ಟು ದೂರ, ಹಿಂದಿನ ಅಂಚಿಗೂ ಸುತಳಿಗೂ ಎಷ್ಟು ದೂರ, ಅಳೆ. ಸೀಮಾಳನ್ನು ಜೊತೆಗೆ ಕರೆದುಕೋ.

ಇದಕ್ಕಿಂತ ಹೆಚ್ಚು ನನಗೆ ಬರೆಯಲು ಆಗುತ್ತಿಲ್ಲ. ಮೂರು ಕಾಗದ ಹರಿದಿದ್ದೇನೆ. ನೀನೇ ನೋಡು.

ಮಾಮಾ


ಕೊಯಿಮತ್ತೂರು
3 ನವೆಂಬರ್ 2024

ಅಣ್ಣಾಸಾಬ ಮಾಮಾನವರಿಗೆ,

ಸುತಳಿ ಹಿಡಿದೆ. ಆ ತುದಿ ಸೀಮಾ ಹಿಡಿದಿದ್ದಳು.

ಹಿಂದಿನ ಗಾಲಿಗಳ ಮೂಗು ಮೊದಲಿಗಿಂತ ಎಷ್ಟೋ ಹೆಚ್ಚು ಒಳಕ್ಕೆ ನೋಡುತ್ತಿದೆ. ತಲೆ ಒಳಗೆ ವಾಲಿರಬೇಕಾದ ಮುಂದಿನ ಗಾಲಿಗಳನ್ನು ಬಹುತೇಕ ನೆಟ್ಟಗೆ ನಿಲ್ಲಿಸಿದ್ದೀರಿ. ಹಿಂಭಾಗ ಅಲುಗದ ಹಾಗೆ, ಮುಂಭಾಗ ನೆಲ ಹಿಡಿಯದ ಹಾಗೆ. ತಿರುಗಲೇಬಾರದು ಎಂದು ಕಟ್ಟಿದ ಕಾರು ಅದು. ಗ್ಯಾರೇಜಿನಲ್ಲಿ ಗಡಿಬಿಡಿಯಲ್ಲಿ ತಪ್ಪಾಗಿರಬಹುದು ಎಂದು ಸೀಮಾ ನಿಮ್ಮ ಪರವಾಗಿಯೇ ಮಾತಾಡಿದಳು. ನಾನು ಅಲ್ಲ ಅಂದೆ. ತಪ್ಪಾಗಿದ್ದರೆ ಒಂದು ಮಗ್ಗುಲಿಗೆ ಆಗುತ್ತಿತ್ತು. ಎಡಕ್ಕೂ ಬಲಕ್ಕೂ ಇಷ್ಟು ಸರಿಸಮವಾಗಿ ತಪ್ಪು ಬರುವುದಿಲ್ಲ. ಅದು ನಿಮ್ಮ ಕೈ.

ಜುಲೈಯಿಂದ ನಾನು ಪುಕ್ಕಲಿ ಎಂದು ನಂಬಿ ಬದುಕಿದೆ. ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಳ್ಳಲು ನಾಚಿಕೆಪಟ್ಟೆ. ನೀವು ಅದನ್ನೆಲ್ಲ ಓದಿದಿರಿ. ಓದಿ, ಕೈಗೆ ಬುದ್ಧಿ ಬಂತು ಎಂದು ಬರೆದಿರಿ.

ಅಳತೆಯನ್ನು ಮೊದಲಿನ ಜಾಗಕ್ಕೆ ನಾನೇ ತಂದೆ. ಟ್ರ್ಯಾಕಿಗೆ ಇಳಿದೆ. ಮೊದಲ ತಿರುವು ಬಂತು. ಈ ಎರಡು ತಿಂಗಳಲ್ಲಿ ಮೈಗೆ ಹತ್ತಿದ ಚಟ ನೋಡಿ, ನಾನು ಯೋಚಿಸುವ ಮೊದಲೇ ಕೈ ಸ್ಟೀರಿಂಗ್ ಒಗೆದು ಜಗ್ಗಿತು. ಆದರೆ ಈಗ ಕಾರು ತಿರುಗುವ ಕಾರು. ಗರಗರ ಎರಡು ಸುತ್ತು ತಿರುಗಿ, ಹುಲ್ಲಿನ ಮೇಲೆ ಜಾರಿ, ಗೋಡೆಗೆ ಮುಖ ಮಾಡಿ ನಿಂತಿತು. ನನಗೆ ಏನೂ ಆಗಿಲ್ಲ. ಆಗಬಹುದಿತ್ತು. ನನ್ನನ್ನು ಗೋಡೆಯಿಂದ ಉಳಿಸಲು ನೀವು ಮಾಡಿದ ಕೆಲಸವೇ ನನ್ನನ್ನು ಮತ್ತೆ ಗೋಡೆಯ ಮುಂದೆ ನಿಲ್ಲಿಸಿತು.

ಯಾಕೆ ಮಾಡಿದಿರಿ ಎಂದು ನನಗೆ ಗೊತ್ತು. ಧೈರ್ಯ ಹೆಚ್ಚಾಗಿ ಮೇ ತಿಂಗಳಲ್ಲಿ ಗೋಡೆಗೆ ಹೋದಳು ಎಂದು ನಂಬಿದಿರಿ. ನಂಬಿಸಿದವಳು ನಾನೇ. ಇದನ್ನು ಯಾವತ್ತೂ ಬರೆಯಬಾರದು ಎಂದಿದ್ದೆ. ಇವತ್ತು ಆ ಸಂಯಮ ನನ್ನಲ್ಲಿ ಉಳಿದಿಲ್ಲ.

ಮೇ ತಿಂಗಳಲ್ಲಿ ನಾನು ಅತಿರೇಕ ಮಾಡಿರಲಿಲ್ಲ. ತಿರುವಿನ ನಡುವೆ ಹಿಂದಿನ ಎಡಗಾಲಿ ತಾನಾಗಿ ಹೊರಗೆ ತಿರುಗಿತು. ಇಳಿದು ಕೆಳಗೆ ನೋಡಿದೆ. ಗಾಲಿಯ ಟೋ ಹಿಡಿದಿಡುವ ಸರಳಿನ ಲಾಕ್‌ನಟ್ಟು ಬೆರಳಿನಲ್ಲಿ ತಿರುಗುವಷ್ಟು ಸಡಿಲ ಇತ್ತು. ಅದರ ಮೇಲೆ ಕುಂಕುಮ ಇತ್ತು ಮಾಮಾ. ಆದರೆ ನೀವು ಎಳೆಯುವ ಗೆರೆ ಅಲ್ಲ. ಬೊಟ್ಟು.

ಆಗ ಕಾರು ನಿಪ್ಪಾಣಿಯಿಂದ ಹೊರಟ ದಿನ ಬಸವ ಜಯಂತಿ. ನೀವು ಕೊನೆಯ ಅಳತೆ ಹಿಡಿದು ನಟ್ಟನ್ನು ಕೈಯಿಂದ ಕೂರಿಸಿ, ಪಾನಾ ಹಾಕಿ ಬಿಗಿ ಮಾಡುವ ಮೊದಲೇ ಯಾರೋ ಊಟಕ್ಕೆ ಕರೆದಿರಬೇಕು. ಅಷ್ಟರಲ್ಲಿ ಅವ್ವ ಕುಂಕುಮದ ಭರಣಿ ಹಿಡಿದು, ಲಿಫ್ಟಿನ ಮೇಲಿದ್ದ ಕಾರಿನ ಕೆಳಗೆ ನಿಂತು, ಕೈಗೆ ಸಿಕ್ಕ ನಟ್ಟಿಗೆಲ್ಲ ಬೊಟ್ಟು ಇಟ್ಟಳು. ಊಟ ಮುಗಿಸಿ ಬಂದವರು ನಟ್ಟಿನ ಮೇಲೆ ಕೆಂಪು ಕಂಡಿರಿ. ಬಿಗಿಯಾಗಿದೆ ಎಂದುಕೊಂಡಿರಿ.

ಗೋಡೆಗೆ ಹೊಡೆದ ಕಾರನ್ನು ನಿಮ್ಮ ಕಡೆಗೆ ಕಳಿಸಲು ಲಾರಿಗೆ ಏರಿಸುವ ಮೊದಲು ಆ ನಟ್ಟನ್ನು ನಾನೇ ಬಿಗಿ ಮಾಡಿದೆ. ಬೊಟ್ಟನ್ನು ಬಟ್ಟೆಯಿಂದ ಒರೆಸಿದೆ. ನನ್ನ ಧೈರ್ಯಕ್ಕೆ ಬಂದ ಕೆಟ್ಟ ಹೆಸರು ಇರಲಿ, ನಿಮ್ಮ ಕೈಗೆ, ಅವ್ವನ ಬೆರಳಿಗೆ ಬರಬಾರದು ಎಂದಿದ್ದೆ. ಹಳದಿ ಪೆನ್ನು ಅಂದದ್ದು ಅದಕ್ಕೆ. ನಾಚಿಕೆಗಲ್ಲ.

ಅವ್ವನಿಗೆ ಹೇಳಬೇಡಿ. ಅವಳು ಇನ್ನು ಜನ್ಮದಲ್ಲಿ ದೇವರ ಮುಂದೆ ಕೈ ಮುಗಿಯುವುದಿಲ್ಲ.

ಈ ಪತ್ರಕ್ಕೆ ಉತ್ತರ ಬೇಡ.

ಉಜ್ವಲಾ


ನಿಪ್ಪಾಣಿ
27 ನವೆಂಬರ್ 2024

ಉಜ್ವಲಾ,

ಉತ್ತರ ಬೇಡ ಅಂದಿದ್ದೆ ನೀನು. ಇಷ್ಟು ದಿನ ತಡೆದೆ. ಇದು ಉತ್ತರ ಅಲ್ಲ, ನಡೆದದ್ದನ್ನು ತಿಳಿಸುತ್ತಿದ್ದೇನೆ.

ನಿನ್ನ ಪತ್ರವನ್ನು ಗ್ಯಾರೇಜಿನಲ್ಲಿ, ಲಿಫ್ಟಿನ ಮೇಲಿದ್ದ ಯಾರದೋ ಕಾರಿನ ಕೆಳಗೆ ನಿಂತು ಓದಿದೆ. ಓದಿ ಮುಗಿಸಿದ ಮೇಲೆ ಅವತ್ತು ಬಂದ ಗಾಡಿಗಳನ್ನೆಲ್ಲ ವಾಪಸ್ ಕಳಿಸಿ ಬಾಗಿಲು ಹಾಕಿದೆ. ನೀನು ಹೇಳಿದಂತೆಯೇ ಆದದ್ದು. ಊಟಕ್ಕೆ ಕರೆದವಳೂ ನಿಮ್ಮವ್ವನೇ. ಆದರೆ ಬೊಟ್ಟಿನದಲ್ಲ ತಪ್ಪು. ಬೊಟ್ಟಿನ ಕೆಳಗಿದ್ದ ನಟ್ಟು ನನ್ನದು. ಕಣ್ಣಿಗೆ ಕೆಂಪು ಕಂಡರೂ ಕೈ ಹಚ್ಚಿ ನೋಡಬೇಕಾದವನು ನಾನು. ನನ್ನ ಸಡಿಲ ನಟ್ಟನ್ನು ನೀನು ನಿನ್ನ ಮೇಲೆ ಹಾಕಿಕೊಂಡೆ. ನಾನು ಅದೇ ಕಾರಣ ಹಿಡಿದು ನಿನ್ನ ಕಾಲಿಗೆ ಹಗ್ಗ ಕಟ್ಟಿದೆ. ಕ್ಷಮಿಸು ಎಂದು ಬರೆಯಲು ಕೂತರೆ ಆ ಶಬ್ದ ಸಣ್ಣದಾಗಿ ಕಾಣುತ್ತದೆ.

ನಿಮ್ಮವ್ವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಇಷ್ಟು ದಿನ ಅದನ್ನು ನೀನೊಬ್ಬಳೇ ಹೊತ್ತೆ.

ತವನಪ್ಪ ಸಾವಕಾರರಲ್ಲಿಗೆ ಹೋದೆ. ಮೇ ತಿಂಗಳ ನಟ್ಟಿನದನ್ನೂ ಹೇಳಿದೆ, ಜುಲೈಯಲ್ಲಿ ನಾನು ಬೇಕಂತಲೇ ತಿರುಚಿದ ಅಳತೆಯನ್ನೂ ಹೇಳಿದೆ. ಬೊಟ್ಟಿನ ಮಾತು ಮಾತ್ರ ಎತ್ತಲಿಲ್ಲ. ಅವರು ಪೂರ್ತಿ ಕೇಳಿದರು. ಆಮೇಲೆ ಅಂದರು, "ಹುಡುಗಿದು ತಪ್ಪಿಲ್ಲಂದ ಮ್ಯಾಲ ಡಿಸೆಂಬರ ರೇಸ್ ಆಕಿದ. ಸೀಟಿನ ಮಾತು ಬರೂ ವರ್ಷ ನೋಡೂಣು. ಖರೆ ಅಣ್ಣಾಸಾಬ, ಇನ್ನ ನಿಮ್ಮ ಪಾನಾ ನನ್ನ ಗಾಡಿಗಿ ಮುಟ್ಟಬಾರದು."

ಆಗಲಿ ಅಂದೆ. ಅವರು ಹೇಳಿದ್ದು ಸರಿ. ಹೊರಗೆ ಬಂದು ಗಾಡಿ ಚಾಲೂ ಮಾಡಲು ಹೋದರೆ ಚಾವಿ ಹಾಕುವ ಜಾಗ ಕಾಣಲಿಲ್ಲ, ಕಣ್ಣು ಹಾಗಾಗಿತ್ತು.

ಧರೆಪ್ಪ ಹತ್ತನೆಯ ತಾರೀಖಿಗೆ ಹೊಸ ಟೈರು ಹೇರಿಕೊಂಡು ಅಲ್ಲಿಗೆ ಬರುತ್ತಾನೆ. ಅವನ ಜೊತೆ ನಾನೂ ಬರುತ್ತಿದ್ದೇನೆ. ನನ್ನನ್ನು ನೋಡಲು ನಿನಗೆ ಮನಸ್ಸಿಲ್ಲದಿದ್ದರೆ ಅವನ ಫೋನಿಗೆ ಒಂದು ಮಾತು ಹೇಳು, ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇಳಿದು ಬಸ್ ಹಿಡಿದು ತಿರುಗಿ ಬರುತ್ತೇನೆ. ನಾನು ಪಾನಾ ತರುವುದಿಲ್ಲ. ಈ ಸಲ ಬೆಲ್ಲದ ಪೆಂಟಿಯೂ ಬೇಡ, ಸೀಟಿನಲ್ಲಿ ನೀನೇ ಕೂಡು, ಅಳತೆ ಸೀಮಾ ಹಿಡಿಯಲಿ. ಬಿಗಿ ಮಾಡುವುದನ್ನು ನೀನು ಮಾಡು, ಹಳದಿ ಗೆರೆ ನೀನು ಎಳೆ. ಸುತಳಿಯ ಆ ತುದಿ ಹಿಡಿಯಲು ಒಬ್ಬರು ಬೇಕಾಗುತ್ತಾರಲ್ಲ, ಅಷ್ಟಕ್ಕೆ ನಾನು ನಿಲ್ಲುತ್ತೇನೆ.

ನಿನ್ನೆ ನಿಮ್ಮವ್ವ ಗ್ಯಾರೇಜಿಗೆ ಬಂದಿದ್ದಳು. ನಾನು ನಿನ್ನ ಹತ್ತಿರ ಹೊರಟಿದ್ದೇನೆ ಎಂದು ಧರೆಪ್ಪ ಹೇಳಿದ್ದನಂತೆ. ಸೀರೆಯ ಸೆರಗಿನಿಂದ ಕುಂಕುಮದ ಭರಣಿ ತೆಗೆದು ನನ್ನ ಕೈಗೆ ಇಟ್ಟಳು. "ಹ್ವಾದ ಸಲ ಸಿಟ್ಟಿನ್ಯಾಗ ಪೂಜಿ ಬಿಟ್ನಿ, ಅದಕ ಹಿಂಗಾತು. ಒಂದ ನಟ್ಟೂ ಬಿಡಬ್ಯಾಡಂತ ಹೇಳ ಆಕಿಗಿ, ಎಲ್ಲಾಕೂ ಹಚ್ಚಲಿ" ಅಂದಳು. ಭರಣಿ ತಗೊಂಡೆ, ಹೂಂ ಅಂದೆ.

ಅದನ್ನು ತರುತ್ತಿದ್ದೇನೆ. ಕಾರಿಗೆ ಹಚ್ಚಬೇಡ. ನಿನ್ನ ಹಣೆಗೆ ಹಚ್ಚಿಕೊಂಡು ಹೆಲ್ಮೆಟ್ ಹಾಕಿಕೋ.

ಅಣ್ಣಾಸಾಬ